ಗೇಟಿನಲ್ಲಿ ಇಟ್ಟ ಫೋನು

ಕೆಸರೆ, ಮೈಸೂರು
ಭಾನುವಾರ, ೧೭ ಆಗಸ್ಟ್ ೨೦೨೫

ನನ್ನ ಧರಣಿಗೆ,

ನಿನ್ನಮ್ಮನ ಆಶೀರ್ವಾದ. ತಲೆ ಮೇಲೆ ಕೈ ಇಟ್ಟು ಹೇಳಬೇಕಾದದ್ದನ್ನು ಕಾಗದದಲ್ಲಿ ಹೇಳುತ್ತಿದ್ದೇನೆ, ಇದ್ದಲ್ಲಿಂದಲೇ ತಗೋ.

ಕೆಸರೆಯಿಂದ ಮೇಟಗಳ್ಳಿಗೆ ಯಾರಾದರೂ ಕಾಗದ ಬರೆಯುತ್ತಾರಾ ಅಂತ ನೀನು ನಗಬಹುದು. ಆಟೋ ಹತ್ತಿದರೆ ಅರ್ಧ ಗಂಟೆಯ ದಾರಿ. ಮನೋಹರ ಮಾವನ ಫೋನಿಗೆ ಫೋನ್ ಮಾಡಿದರೂ ಆಗುತ್ತಿತ್ತು. ಆದರೆ ನಿನ್ನ ಧ್ವನಿ ಕೇಳಿದ ಕೂಡಲೇ ನಾನು ಊಟ ಆಯ್ತಾ ಅಂತ ಕೇಳಿಬಿಡುತ್ತೇನೆ, ನೀನು ಆಯ್ತು ಅನ್ನುತ್ತೀಯ, ಅಲ್ಲಿಗೆ ಮಾತು ಮುಗಿಯಿತು. ನೀನು ಮಾವನ ಮನೆಗೆ ಹೋದಾಗಿನಿಂದ ತಾಯಿ ಮಗಳು ಇಷ್ಟೇ ಮಾತಾಡಿರುವುದು. ಕಾಗದಕ್ಕೆ ಒಂದು ಅನುಕೂಲ ಇದೆ, ಮಧ್ಯದಲ್ಲಿ ಯಾರೂ ಆಯ್ತು ಅನ್ನುವುದಿಲ್ಲ.

ಸಂಜೆ ಮನೋಹರ ಅಜ್ಜಿಯನ್ನು ನೋಡಲು ಬರುತ್ತಾನೆ. ಅವನ ಕೈಲಿ ಒಂದು ಚೀಲ ಕಳಿಸುತ್ತಿದ್ದೇನೆ. ನಿನ್ನ ನೀಲಿ ಚೂಡಿದಾರ ಇದೆ, ತೋಳು ಸಡಿಲ ಮಾಡಿದ್ದೇನೆ. ಹುರುಳಿಕಾಳು ಚಟ್ನಿಪುಡಿ ಇದೆ, ಅತ್ತೆಗೂ ಕೊಡು, ಮೂಟೆ ಕಟ್ಟಿ ಇಟ್ಟುಕೊಳ್ಳಬೇಡ. ತಳದಲ್ಲಿ ಒಂದು ಟವೆಲ್ ಸುತ್ತಿ ಇಟ್ಟಿದ್ದೇನೆ. ಅದನ್ನು ಈ ಕಾಗದ ಓದಿ ಮುಗಿಸುವವರೆಗೆ ಬಿಚ್ಚಬೇಡ. ಬಿಚ್ಚಿರುತ್ತೀಯ, ನನಗೆ ಗೊತ್ತು. ಮತ್ತೆ ಸುತ್ತಿಡು.

ಅಜ್ಜಿ ಹಾಗೇ ಇದ್ದಾರೆ. ಎಡಗೈ ಇನ್ನೂ ಎತ್ತಲು ಆಗುವುದಿಲ್ಲ. ಪಕ್ಕದ ಮನೆ ಇನ್ನಾಸಮ್ಮ ಬೆಳಗ್ಗೆ ಬಂದು ಗಂಜಿ ಕುಡಿಸುತ್ತಾರೆ, ಮಗ್ಗುಲು ತಿರುಗಿಸುತ್ತಾರೆ. ನೀನು ಮಾಡುವಷ್ಟು ನಯವಾಗಿ ಆಗಲ್ಲ ಅಂತ ಅಜ್ಜಿಯ ಮುಖ ಹೇಳುತ್ತದೆ. ಚಿಕ್ಕಮಾದಮ್ಮನವರ ಸೊಸೆಯಾಗಿ ಇಷ್ಟು ವರ್ಷ ಕಳೆದಿದ್ದೇನೆ, ಆ ಮುಖ ಓದಲು ನನಗೆ ಮಾತು ಬೇಕಾಗಿಲ್ಲ.

ಮೊನ್ನೆ ಬಂದಾಗ ಮನೋಹರ ಹೇಳಿದ, ನೀನು ಬುಧವಾರದಿಂದ ಅಲ್ಲೇ ಯಾವುದೋ ಫ್ಯಾಕ್ಟರಿಯ ಪ್ಯಾಕಿಂಗಿಗೆ ಸೇರುತ್ತಿದ್ದೀಯಂತೆ. ನರ್ಸಿಂಗ್ ನನ್ನ ಹಣೇಲಿ ಬರ್ದಿಲ್ಲ ಮಾವ, ನಾನೇ ಎಡವಟ್ಟು ಮಾಡ್ಕೊಂಡೆ, ನನ್ ಕೈಲೊಂದು ಫೋನ್ ಇಲ್ದೆ ಅಮ್ಮನ ನಂಬರ್ ಕೊಟ್ಬುಟ್ಟೆ ಅಂದೆಯಂತೆ. ಅದನ್ನು ಅವನು ನನ್ನ ಅಡುಗೆಮನೆಯಲ್ಲಿ ನಿಂತು ಹೇಳುತ್ತಿದ್ದರೆ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ನೆಪ ಸಿಕ್ಕಿತು.

ಬುಧವಾರ ಸೇರಬೇಡ ಧರಣಿ. ಎಡವಟ್ಟು ನೀನು ಮಾಡಿದ್ದಲ್ಲ.

ಹೇಗೆ ಶುರು ಮಾಡಲಿ? ಮೊದಲಿಂದಲೇ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಯಾಕೆಂದರೆ ನನಗೆ ಎಷ್ಟು ಗೊತ್ತಿತ್ತು ಅನ್ನುವುದು ನಿನಗೆ ಗೊತ್ತಿಲ್ಲ.

ಹೋದ ವರ್ಷ ನಿಮ್ಮ ಕಾಲೇಜಿನ ಮಹದೇವಸ್ವಾಮಿ ಮೇಷ್ಟ್ರು ಭಾನುವಾರ ಪೋಷಕರ ಸಭೆ ಕರೆದಿದ್ದು ನೆನಪಿದೆಯಾ? ವಾರದ ದಿನ ಕರೆದರೆ ನಮ್ಮಂಥವರು ಬರಲು ಆಗುವುದಿಲ್ಲ ಅಂತ ಅವರೇ ರಜೆ ಕಳೆದುಕೊಂಡು ಬಂದಿದ್ದರು. ಬೋರ್ಡಿನ ಮೇಲೆ ಬರೆದು ಬರೆದು ತೋರಿಸಿದರು. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವಿಷಯದಲ್ಲಿ ಎಷ್ಟೇ ಬಂದರೂ ಇನ್ನೊಂದರಲ್ಲಿ ಹೋದರೆ ಪಾಸಲ್ಲ, ಪಿಯುಸಿ ಪರೀಕ್ಷೆ ಬೇರೆ ಸಿಇಟಿ ಬೇರೆ, ಎರಡೂ ಬೇಕು, ಜಾತಿ ಆದಾಯದ ಸರ್ಟಿಫಿಕೇಟು ಈಗಲೇ ಮಾಡಿಸಿಡಿ, ಆಧಾರಿನಲ್ಲಿರುವ ಹೆಸರೂ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿರುವ ಹೆಸರೂ ಒಂದೇ ಇರಲಿ. ನಾವೆಲ್ಲ ತಲೆ ಆಡಿಸಿದೆವು. ಅರ್ಧ ಜನಕ್ಕೆ ಅರ್ಥ ಆಗಿರಲಿಲ್ಲ, ಆದರೂ ಮೇಷ್ಟ್ರಿಗೆ ಬೇಜಾರಾಗಬಾರದಲ್ಲ. ನಾನು ಮಾತ್ರ ಅರ್ಥವಾಗಿಯೇ ತಲೆ ಆಡಿಸಿದೆ. ಹತ್ತನೇ ಕ್ಲಾಸಿಗೆ ನಿಂತ ಓದು ನನ್ನದು, ನಿಂತದ್ದು ದಡ್ಡತನದಿಂದಲ್ಲ.

ಆಮೇಲೆ ಸಿಇಟಿಯಲ್ಲಿ ಸೀಟು ಹಂಚುವ ಹೊತ್ತಿಗೆ ನಾಲ್ಕು ಆಯ್ಕೆ ಅಂತ ಬಂತು. ಅದು ನನಗೆ ಗೊಂದಲ ಅಂದಾಗ ನೀನು ಅಜ್ಜಿಯ ಕಾಲು ಒತ್ತುತ್ತಾ ಕೂತು ಹೇಳಿಕೊಟ್ಟೆ. ಅಮ್ಮ, ಕೆಸರೆ ಸ್ಟಾಪಲ್ಲಿ ಬಸ್ ಬಂತು ಅಂತ ಇಟ್ಕೊ ಅಂದೆ. ಸೀಟು ಸಿಕ್ತು, ಕೂತ್ಬುಟ್ಟೆ, ಇಳಿಯೋ ಮಾತೇ ಇಲ್ಲ, ಅದು ಒಂದನೇದು. ಕೂತಿದ್ದೀನಿ, ಆದ್ರೆ ಕಿಟಕಿ ಪಕ್ಕ ಖಾಲಿ ಆದ್ರೆ ಎದ್ದೋಗ್ತೀನಿ, ಅದು ಎರಡನೇದು. ಈ ಬಸ್ ಬ್ಯಾಡ, ಇನ್ನೊಂದಕ್ಕೆ ಕಾಯ್ತೀನಿ, ಮೂರನೇದು. ಬಸ್ಸೇ ಬ್ಯಾಡ, ನಡ್ಕೊಂಡೋಗ್ತೀನಿ, ನಾಲ್ಕನೇದು. ನಾನು ಕೇಳಿದೆ, ಏನೂ ಹೇಳದೆ ಸುಮ್ಮನೆ ನಿಂತಿದ್ದರೆ? ನೀನು ನಕ್ಕೆ. ಕಂಡಕ್ಟ್ರು ಇಳಿಸ್ಬುಡ್ತಾನೆ ಕಣಮ್ಮ ಅಂದೆ.

ಅದು ನನ್ನ ತಲೆಯಲ್ಲಿ ಎಷ್ಟು ಚೆನ್ನಾಗಿ ಕೂತಿತು ಅಂದರೆ ಮಾರನೇ ದಿನ ಕಡಕೊಳದ ಗಾರ್ಮೆಂಟ್ಸಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಪಕ್ಕದವಳಿಗೂ ಹೇಳಿಕೊಟ್ಟೆ. ಅವಳ ಮಗನೂ ಸಿಇಟಿ ಬರೆದಿದ್ದ.

ನಿನಗೆ ಹಾಸನದ ಸರ್ಕಾರಿ ನರ್ಸಿಂಗ್ ಕಾಲೇಜು ಸಿಕ್ಕಿತು. ಶುಕ್ರವಾರ ಸಂಜೆ ಗೊತ್ತಾಯಿತು, ಶನಿವಾರ ಸಂಜೆ ಐದರೊಳಗೆ ಒಂದನೇ ಆಯ್ಕೆ ಒತ್ತಬೇಕಿತ್ತು. ಒತ್ತಿದರೆ ನನ್ನ ಫೋನಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಹತ್ತು ನಿಮಿಷದಲ್ಲಿ ಹಾಕಬೇಕು. ಶುಕ್ರವಾರವೇ ಮಾಡೋಣ ಅಂದೆ ನೀನು. ನಾನು ಓವರ್‌ಟೈಮ್ ಅಂತ ತಡವಾಗಿ ಬಂದೆ, ಅಷ್ಟರಲ್ಲಿ ಸೈಬರ್ ಸೆಂಟರ್ ಮುಚ್ಚಿತ್ತು. ಸರಿ, ನಾಳೆ ಮಧ್ಯಾಹ್ನ ಒಂದು ಗಂಟೆಗೆ ಅಂತ ಮಾತಾಯಿತು. ಫ್ಯಾಕ್ಟರಿಯಲ್ಲಿ ಟೈಲರುಗಳ ಫೋನೆಲ್ಲ ಗೇಟಿನಲ್ಲಿ ಇಸಿದುಕೊಂಡು ಇಡುತ್ತಾರೆ ಅನ್ನುವುದು ನಿನಗೆ ಗೊತ್ತೇ ಇದೆ. ಊಟದ ಬಿಡುವಿನಲ್ಲಿ ನಾನು ಗೇಟಿಗೆ ಹೋಗಿ ಸೆಕ್ಯೂರಿಟಿ ಸಿದ್ದಪ್ಪಾಜಿಯವರ ಹತ್ತಿರ ಫೋನ್ ಕೇಳಿ, ಬಂದ ಸಂಖ್ಯೆಯನ್ನು ಸೈಬರ್‌ನವನ ನಂಬರಿಗೆ ಹೇಳುವುದು. ನೀನು ಎರಡು ಸಲ ನನ್ನ ಬಾಯಲ್ಲಿ ಹೇಳಿಸಿದೆ. ನಾನು ಎರಡು ಸಲವೂ ತಪ್ಪಿಲ್ಲದೆ ಹೇಳಿದೆ.

ಧರಣಿ, ಆವತ್ತು ಫೋನು ಗೇಟಿನಲ್ಲಿ ಇರಲಿಲ್ಲ. ನನ್ನ ಹತ್ತಿರವೇ ಇತ್ತು. ಹೇಗೆ ಅಂತ ಈಗ ಕೇಳಬೇಡ.

ಕ್ಯಾಂಟೀನಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯುವಾಗ ಸೊಂಟದ ಹತ್ತಿರ ಗುರ್ ಅಂತು. ತೆಗೆದು ನೋಡಿದೆ. ಸಂಖ್ಯೆ ಬಂದಿತ್ತು. ಓದಿದೆ. ಯಾರಿಗೂ ಹೇಳಬೇಡಿ ಅಂತ ಕೆಳಗೆ ಬರೆದಿತ್ತು, ಅದನ್ನೂ ಓದಿದೆ. ಆಮೇಲೆ ಸೈಬರ್‌ನವನ ನಂಬರಿನಿಂದ ಫೋನ್ ಬಂತು. ಆ ಕಡೆ ನೀನೇ ನಿಂತಿದ್ದೀಯ ಅಂತ ಗೊತ್ತಿತ್ತು. ಮಡಿಲಲ್ಲಿ ಇಟ್ಟುಕೊಂಡು ರಿಂಗ್ ನಿಲ್ಲುವವರೆಗೆ ಕಾದೆ. ಮತ್ತೆ ಬಂತು, ಮತ್ತೆ ಕಾದೆ. ಇನ್ನೊಂದು ಸಂಖ್ಯೆ ಬಂತು. ಕೈ ನಡುಗಲಿಲ್ಲ, ಗಂಟಲು ಕಟ್ಟಲಿಲ್ಲ, ಹಾಗೆಲ್ಲ ಆಗಿದ್ದರೆ ಇವತ್ತು ಬರೆಯಲು ಸ್ವಲ್ಪ ಹಗುರವಾಗುತ್ತಿತ್ತು. ನಾನು ಊಟ ಮಾಡಿದೆ ಮಗಳೇ. ಬೆಳಗ್ಗೆ ನೀನೇ ಮಾಡಿ ಕಟ್ಟಿಕೊಟ್ಟ ಬಸ್ಸಾರು ಅನ್ನ. ಪೂರ್ತಿ ಊಟ ಮಾಡಿ ಡಬ್ಬಿ ತೊಳೆದೆ.

ಸಂಜೆ ಬಂದಾಗ ನೀನು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಸೆಕ್ಯೂರಿಟಿಯವ್ರು ಫೋನೇ ಕೊಡ್ಲಿಲ್ಲ ಕಣೇ, ಎಷ್ಟು ಕೇಳ್ಕೊಂಡ್ರೂ ರೂಲ್ಸು ಅಂದ್ಬುಟ್ರು ಅಂದೆ ನಾನು. ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಒಂದು ಕ್ಷಣ ಸಿದ್ದಪ್ಪಾಜಿಯವರ ಮೇಲೆ ಸಿಟ್ಟು ಬಂತು. ನೀನು ಅಳಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟೆ. ಹೋಗ್ಲಿ ಬುಡಮ್ಮ, ನೀನೇನ್ ಮಾಡಕ್ಕಾಯ್ತದೆ, ನಿಂಗೆ ಇವೆಲ್ಲ ಎಲ್ಲಿ ಗೊತ್ತಾಯ್ತದೆ ಅಂದೆ. ಮಗಳ ಜನ್ಮ ಹಾಳು ಮಾಡಿ ಬಂದವಳಿಗೆ ಮಗಳೇ ಸಮಾಧಾನ ಹೇಳಿದಳು. ಮರುದಿನ ನೀನು ಬ್ಯಾಗ್ ತಗೊಂಡು ನಾಲ್ಕು ದಿನ ಮಾವನ ಮನೇಲಿ ಇದ್ದು ಬರ್ತೀನಿ ಅಂತ ಹೊರಟೆ. ತಡೆಯುವ ಮುಖ ನನಗೆ ಇರಲಿಲ್ಲ.

ಸುಳ್ಳು ಹೇಳಿದವಳು ನಾನು, ಬೈಸಿಕೊಂಡವರು ಬೇರೆಯವರು. ಮನೋಹರ ಸೋಮವಾರ ಕಡಕೊಳದ ಗೇಟಿಗೇ ಬಂದು ಸಿದ್ದಪ್ಪಾಜಿಯವರನ್ನು ಎಲ್ಲರೆದುರು ತರಾಟೆಗೆ ತಗೊಂಡ. ಒಂದು ಫೋನ್ ಕೊಟ್ಟಿದ್ರೆ ನಿಮ್ ಗಂಟೇನ್ ಹೋಯ್ತಿತ್ತು, ಒಂದು ಹುಡುಗಿ ಭವಿಷ್ಯ ತಿಂದ್ಬುಟ್ರಲ್ರೀ ಅಂದ. ಅವರು ಬಿಳಿ ಮೀಸೆ ಒರೆಸಿಕೊಂಡು, ತಪ್ಪಾಯ್ತು ಸಾಮಿ ಅಂದರು. ನಾನು ನಾಲ್ಕು ಹೆಜ್ಜೆ ಆಚೆ ಬಸ್ಸಿನಿಂದ ಇಳಿಯುತ್ತಿದ್ದೆ. ಚಪ್ಪಲಿ ಸರಿ ಮಾಡಿಕೊಳ್ಳುವವಳ ಹಾಗೆ ಬಗ್ಗಿದೆ.

ಆಮೇಲೆ ಮಹದೇವಸ್ವಾಮಿ ಮೇಷ್ಟ್ರು ಮನೆಗೇ ಬಂದರು. ಬೈಯುತ್ತಾರೆ ಅಂತ ಕಾಯುತ್ತಿದ್ದೆ. ಅವರು ಕುರ್ಚಿಯ ತುದಿಯಲ್ಲಿ ಕೂತು, ನಾನು ನಿಮಗೆ ಇನ್ನೂ ಬಿಡಿಸಿ ಹೇಳಬೇಕಿತ್ತು ಸುಮಾ ಅವರೇ, ತಪ್ಪು ನನ್ನದು ಅಂದರು. ನಾನು ಕಾಫಿ ತರುತ್ತೇನೆ ಅಂತ ಎದ್ದು ಹೋದೆ. ನಿಮ್ಮಪ್ಪ ಬದುಕಿದ್ದಾಗ ನಡುಮನೆಯಲ್ಲಿ ಹಾಕಿದ ಬಾಬಾಸಾಹೇಬರ ಫೋಟೋ ಇದೆಯಲ್ಲ, ದಿನಾ ಬೆಳಗ್ಗೆ ಒರೆಸುತ್ತೇನೆ. ಈ ಎರಡು ವಾರ ಫ್ರೇಮ್ ಮಾತ್ರ ಒರೆಸಿದೆ, ಮುಖ ನೋಡಲು ಆಗಲಿಲ್ಲ.

ಇವತ್ತು ಬೆಳಗ್ಗೆ ಮೇಷ್ಟ್ರು ಈ ವರ್ಷದ ಮಕ್ಕಳ ಪೋಷಕರ ಸಭೆ ಕರೆದಿದ್ದರು. ನನ್ನನ್ನೂ ಬರಲು ಹೇಳಿದ್ದರು. ನಿಮ್ಮ ಅನುಭವ ನೀವೇ ಹೇಳಿದರೆ ಇನ್ನೊಬ್ಬರ ಮಗು ಉಳಿಯುತ್ತದೆ ಅಂದಿದ್ದರು. ಬೇಡ ಅನ್ನಲು ಬಾಯಿ ಬರಲಿಲ್ಲ. ಹೋದೆ. ಬೆಂಚುಗಳ ತುಂಬ ನಮ್ಮಂಥವರೇ. ಮೇಷ್ಟ್ರು ನಾಲ್ಕು ಆಯ್ಕೆ ವಿವರಿಸಿದರು, ಯಾರ ತಲೆಗೂ ಹತ್ತಲಿಲ್ಲ, ಎಲ್ಲರೂ ತಲೆ ಆಡಿಸಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ ಧರಣಿ. ಎದ್ದು ನಿಂತು ನಿನ್ನ ಬಸ್ಸಿನ ಕಥೆ ಹೇಳಿದೆ. ಕೂತದ್ದು, ಕಿಟಕಿ ಪಕ್ಕದ್ದು, ಮುಂದಿನ ಬಸ್ಸು, ನಡೆದು ಹೋಗುವುದು. ನೀನು ಹೇಳಿದಂತೆಯೇ ಕೈ ತಿರುಗಿಸಿ ಹೇಳಿದೆ. ಎಲ್ಲರೂ ನಕ್ಕರು, ಎಲ್ಲರಿಗೂ ಅರ್ಥವಾಯಿತು. ಸುಮ್ಮನೆ ನಿಂತರೆ ಕಂಡಕ್ಟರ್ ಇಳಿಸಿಬಿಡುತ್ತಾನೆ ಅಂತಲೂ ಹೇಳಿದೆ. ಒಂದು ಗಳಿಗೆ ನನಗೆ ಹೆಮ್ಮೆಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಆಗ ಹಿಂದಿನ ಬೆಂಚಿನಿಂದ ಲಿಂಗಯ್ಯ ಅಂತ ಒಬ್ಬರು, ಪಾಪ ಗಾರೆ ಕೆಲಸದವರು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದವರು, ಎದ್ದು ಕೇಳಿದರು. ಇಷ್ಟ್ ಚೆಂದಾಗ್ ಗೊತ್ತೈತಲ್ಲವ್ವ, ಅಂಗಾದ್ರೆ ನಿಮ್ ಮಗೀನ ಯಾಕ್ ಇಳಿಸ್ಬುಟ್ರು?

ಅವರು ಕುಹಕದಿಂದ ಕೇಳಲಿಲ್ಲ. ತಿಳಿದುಕೊಳ್ಳಲಿಕ್ಕೆ ಕೇಳಿದರು. ನಾನು ಬಾಯಿ ತೆಗೆದೆ, ಸೆಕ್ಯೂರಿಟಿಯವರು ಅಂತ ಶುರು ಮಾಡಿದೆ, ಮುಂದೆ ಬರಲಿಲ್ಲ. ಮೇಷ್ಟ್ರು ಡಸ್ಟರ್ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಆ ಹೊತ್ತಿಗೇ ಗೊತ್ತಾಗಿಹೋಯಿತು.

ಸಭೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ನಿಂತು ಅವರಿಗೆ ಎಲ್ಲ ಹೇಳಿದೆ. ಅವರು ಕೈಗಂಟಿದ ಸೀಮೆಸುಣ್ಣ ಒರೆಸಿಕೊಂಡರು. ಆಮೇಲೆ, ಇದನ್ನು ನನಗೆ ಹೇಳಿದರೆ ಏನು ಬಂತು, ಹೇಳಬೇಕಾದವರಿಗೆ ಹೇಳಿ ಅಂದರು. ಆ ಮಾತಿನಲ್ಲಿ ಮರ್ಯಾದೆ ಇತ್ತು, ಸಲಿಗೆ ಇರಲಿಲ್ಲ. ಇನ್ನು ಮೇಲೆ ನನ್ನನ್ನು ಸಭೆಗೆ ಕರೆಯುತ್ತಾರೋ ಇಲ್ಲವೋ.

ಯಾಕೆ ಮಾಡಿದೆ ಅಂತ ಕೇಳುತ್ತೀಯ. ಅಜ್ಜಿಯ ಸಲುವಾಗಿ. ನೀನು ಹಾಸನಕ್ಕೆ ಹೋದರೆ ಬೆಳಗ್ಗೆಯಿಂದ ಸಂಜೆವರೆಗೆ ಅವರನ್ನು ನೋಡುವವರು ಯಾರು? ಗಂಜಿ ಯಾರು ಕುಡಿಸಬೇಕು, ಬೆನ್ನು ಹುಣ್ಣಾಗದ ಹಾಗೆ ಯಾರು ತಿರುಗಿಸಬೇಕು? ಅಜ್ಜಿಗೆ ಲಕ್ವಾ ಹೊಡೆದ ಮೇಲೆ ಆ ಮಂಚದ ಪಕ್ಕ ಕೂತೇ ನೀನು ನರ್ಸ್ ಆಗುತ್ತೇನೆ ಅಂದದ್ದು. ಅದೇ ಮಂಚಕ್ಕೆ ನಾನು ನಿನ್ನನ್ನು ಕಟ್ಟಿಹಾಕಲು ನೋಡಿದೆ. ಇನ್ನಾಸಮ್ಮನಿಗೆ ಇವತ್ತು ಇದನ್ನು ಹೇಳಿದಾಗ, ಒಂದು ಮಾತು ಕೇಳಿದ್ಯಾ ಸುಮಾ ನನ್ನ, ಗೋಡೆ ಒಂದೇ ಅಲ್ವಾ ನಮ್ದೂ ನಿಮ್ದೂ ಅಂದರು. ಕೇಳಿರಲಿಲ್ಲ. ನಾಲ್ಕು ಗಂಟೆವರೆಗೆ ನೋಡಿಕೊಳ್ಳುತ್ತಾರಂತೆ. ನಾಲ್ಕರಿಂದ ಏಳರವರೆಗೆ ಇನ್ನೂ ದಾರಿ ಕಂಡಿಲ್ಲ, ಹುಡುಕುತ್ತೇನೆ. ಅದು ನನ್ನ ತಲೆನೋವು, ನಿನ್ನದಲ್ಲ.

ಈಗ ಟವೆಲ್ ಬಿಚ್ಚು. ನನ್ನ ಫೋನು. ಸಿಮ್ ಅದರಲ್ಲೇ ಇದೆ, ಚಾರ್ಜ್ ಮಾಡಿದ್ದೇನೆ, ಪಿನ್ ನಿನ್ನ ಹುಟ್ಟಿದ ತಾರೀಖು ತಿಂಗಳು. ಉಳಿದ ಸೀಟುಗಳಿಗೆ ಇನ್ನೊಂದು ಸುತ್ತು ಇದೆ, ಗುರುವಾರದೊಳಗೆ ಬೇಕಾದ ಕಾಲೇಜುಗಳ ಹೆಸರು ಮತ್ತೆ ತುಂಬಬೇಕು ಅಂತ ಮೇಷ್ಟ್ರು ವಿಚಾರಿಸಿ ಹೇಳಿದ್ದಾರೆ. ಹಾಸನ ಸಿಗದೇ ಇರಬಹುದು. ಇನ್ನೂ ದೂರ ಸಿಗಬಹುದು. ಏನೂ ಸಿಗದೆಯೂ ಹೋಗಬಹುದು, ಆಗ ನೀನು ನನ್ನನ್ನು ಏನಂದರೂ ನಾನು ಕೇಳಿಸಿಕೊಳ್ಳಬೇಕು. ನಾಳೆ ಬೆಳಗ್ಗೆ ಕಾಲೇಜಿಗೆ ಹೋಗು, ಮೇಷ್ಟ್ರು ಕಾಯುತ್ತಿರುತ್ತಾರೆ. ಸಂಖ್ಯೆ ಈ ಸಲ ನಿನ್ನ ಕೈಗೇ ಬರುತ್ತದೆ. ಮಧ್ಯೆ ನಾನಿಲ್ಲ.

ಮನೋಹರನಿಗೆ ಇನ್ನೂ ಹೇಳಿಲ್ಲ. ಚೀಲ ಕೊಡುವ ಮೊದಲು ಹೇಳುತ್ತೇನೆ. ಅವನು ಕೂಗಾಡಲಿ. ಅವನು ಬಂದಾಗ ಸಪ್ಪಗಿದ್ದರೆ ಕಾರಣ ಇದೇ ಅಂದುಕೋ.

ಕ್ಷಮಿಸು ಅಂತ ಬರೆಯಲು ಎರಡು ಸಲ ಪೆನ್ನು ಎತ್ತಿದೆ. ಈಗಲೇ ಕೇಳುವುದು ಸರಿಯಲ್ಲ ಅನ್ನಿಸಿತು. ನೀನು ಸೀಟಿನಲ್ಲಿ ಕೂತ ಮೇಲೆ ಕೇಳುತ್ತೇನೆ. ಅಲ್ಲಿಯವರೆಗೆ ಊಟ ಆಯ್ತಾ ಅಂತ ಕೇಳಲಿಕ್ಕೂ ನನ್ನ ಹತ್ತಿರ ಫೋನಿಲ್ಲ. ಹೊತ್ತು ಹೊತ್ತಿಗೆ ತಿನ್ನು.

ನಿನಗೆ ಮೋಸ ಮಾಡಿದ,
ಆದರೂ ನಿನ್ನವಳೇ ಆದ
ಅಮ್ಮ
ಸುಮಾ

ಮರೆತಿದ್ದು: ಮರೆತಿದ್ದಲ್ಲ, ಬಿಟ್ಟದ್ದು. ಕವರ್ ಅಂಟಿಸಿದ ಮೇಲೆ ಮತ್ತೆ ಹರಿದು ಬರೆಯುತ್ತಿದ್ದೇನೆ. ಅಜ್ಜಿಯ ಸಲುವಾಗಿ ಅಂತ ಮೇಲೆ ಬರೆದೆನಲ್ಲ, ಅದು ಅರ್ಧ. ಯುಗಾದಿಯಿಂದ ನಾನು ಲೈನ್ ಸೂಪರ್‌ವೈಸರ್. ಮೊದಲು ಮೂರು ತಿಂಗಳು ನೋಡ್ತೀವಿ ಅಂದಿದ್ದರು, ಗಟ್ಟಿಯಾಗಲಿ ಅಂತ ನಿನಗೆ ಹೇಳಲಿಲ್ಲ. ಗಟ್ಟಿಯಾದ ಮೇಲೂ ಹೇಳಲಿಲ್ಲ. ಹೇಳಿದ್ದರೆ ನೀನು ಕುಣಿದಾಡುತ್ತಿದ್ದೆ. ಸೂಪರ್‌ವೈಸರುಗಳು ಫೋನು ಗೇಟಿನಲ್ಲಿ ಇಡಬೇಕಾಗಿಲ್ಲ, ಜೊತೆಗೇ ಇಟ್ಟುಕೊಳ್ಳಬಹುದು. ಟೈಲರುಗಳೆಲ್ಲ ಹೋದ ಮೇಲೇ ಅವರು ಮನೆಗೆ ಹೋಗುವುದು. ನೀನು ಮನೆಯಲ್ಲಿದ್ದರೆ ಮಾತ್ರ ನನಗೆ ಆ ಕೆಲಸ. ಈ ವಯಸ್ಸಿಗೆ ಮೊದಲ ಸಲ ಜನ ನನ್ನನ್ನು ಮೇಡಂ ಅಂದರು ಧರಣಿ, ಅದನ್ನು ಇನ್ನೊಂದಿಷ್ಟು ದಿನ ಕೇಳಬೇಕು ಅನ್ನಿಸಿತು. ಅಷ್ಟೇ ಕಾರಣ. ಕೆಲಸ ಬಿಟ್ಟುಬಿಡುತ್ತೇನೆ ಅನ್ನುವಷ್ಟು ದೊಡ್ಡವಳಲ್ಲ ನಾನು, ಬಿಡುವುದಿಲ್ಲ. ನೀನೂ ನಿನ್ನದನ್ನು ಬಿಡಬೇಡ.

ನನ್ನ ಫೋನು ಗೇಟಿನಲ್ಲಿ ಇರಲೇ ಇಲ್ಲ ಅನ್ನುವುದು ಸಿದ್ದಪ್ಪಾಜಿಯವರಿಗೆ ಚೆನ್ನಾಗಿ ಗೊತ್ತಿತ್ತು. ಮನೋಹರ ಅಷ್ಟು ಕೂಗಾಡುವಾಗ ಒಂದು ಸಲ ನನ್ನ ಕಡೆ ನೋಡಿದರು, ಆಮೇಲೆ ತಪ್ಪಾಯ್ತು ಸಾಮಿ ಅಂದರು. ನಾಳೆ ಬೆಳಗ್ಗೆ ಬಸ್ಸಿನಿಂದ ಇಳಿದವಳು ಮೊದಲು ಅವರ ಮುಂದೆ, ಎಲ್ಲರೆದುರು ನಿಲ್ಲುತ್ತೇನೆ. ಫೋನೆಲ್ಲಿ ಮೇಡಂ ಅಂತ ಕೇಳಿದರೆ, ಮಗಳ ಹತ್ತಿರ ಇದೆ ಅನ್ನುತ್ತೇನೆ. ಆ ಗೇಟಿನಲ್ಲಿ ಅದೊಂದಾದರೂ ನಿಜ ಹೇಳಿದ ಹಾಗಾಗುತ್ತದೆ.